ಲೆಕ್ಕಿಗನ ಗಿಟಾರ್

ನಾವು ಕಾಮರ್ಸ್‌ನವರು ಎಂದರೆ ಸೈನ್ಸ್‌ನವರಿಗೆ ಸ್ವಲ್ಪ ತಾತ್ಸಾರ. ಡೆಬಿಟ್, ಕ್ರೆಡಿಟ್ ಬರೆಯುತ್ತಾ ಕೂರುವವರು, ಯಂತ್ರ ಗಿಂತ್ರ ಇವರಿಗೆ ತಿಳಿಯದು ಎಂದು ಕಾಲೇಜಿನಿಂದ ಬಸ್‌ಸ್ಟ್ಯಾಂಡಿನವರೆಗೂ ಕೀಟಲೆ ಮಾಡುತ್ತಾರೆ. ಆರ್ಟ್ಸ್‌ನವರೋ, ಸಂಗೀತ ಸಾಹಿತ್ಯವೆಲ್ಲ ತಮಗೇ ಸೇರಿದ್ದು ಎಂದುಕೊಂಡಿದ್ದಾರೆ. ಈ ಎರಡೂ ಕಡೆಯವರಿಗೆ ಹೇಳಬಹುದಾದ ಒಬ್ಬ ಮನುಷ್ಯನ ಕಥೆಯನ್ನು ಈ ಸಲದ ಸಂಚಿಕೆಗೆ ಬರೆಯುತ್ತಿದ್ದೇನೆ. ಅವರು ಓದಿದ್ದು ಅಕೌಂಟೆನ್ಸಿ. ಮೊದಲು ಮಾಡಿದ್ದು ಲೆಕ್ಕ ಬರೆಯುವ ಕೆಲಸ. ಆಮೇಲೆ ಅವರು ತಯಾರಿಸಿದ ಎಲೆಕ್ಟ್ರಿಕ್ ಗಿಟಾರನ್ನು ಇವತ್ತಿಗೂ ಜಗತ್ತಿನ ಎಲ್ಲಾ ಕಡೆ ಬಾರಿಸುತ್ತಾರೆ. ತಮಾಷೆ ಏನೆಂದರೆ, ಅವರಿಗೆ ಮಾತ್ರ ಕೊನೆವರೆಗೂ ಗಿಟಾರ್ ಬಾರಿಸಲು ಬರಲಿಲ್ಲ. ಅವರ ಹೆಸರು ಲಿಯೋ ಫೆಂಡರ್.

ನಾನು ಇವರ ಬಗ್ಗೆ ಓದಲು ಶುರು ಮಾಡಿದ್ದಕ್ಕೆ ನನ್ನ ಬಜೆಟ್ಟೇ ಕಾರಣ. ಎರಡು ವರ್ಷದ ಕೊಯ್ಲಿನಲ್ಲಿ ಅಮ್ಮಿಯ ಜೊತೆ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದ ಹಣ, ಈದಿಯಾಗಿ ಬಂದ ಹಣ ಎಲ್ಲಾ ಸೇರಿ ನನ್ನ ಹತ್ತಿರ ಹನ್ನೆರಡು ಸಾವಿರ ರೂಪಾಯಿ ಆಗಿದೆ. ಅದರಲ್ಲಿ ಒಂದು ಎಲೆಕ್ಟ್ರಿಕ್ ಗಿಟಾರ್ ತಗೊಳ್ಳಬೇಕೆಂದು ಮನೆಯಲ್ಲಿ ಹೇಳಿದೆ. ನಮ್ಮ ಮನೆಮಾತಿನಲ್ಲಿ ಒಂದು ಗಾದೆ ಇದೆ. ಅಗ್ಗದ್ದು ತಂದವನು ಮತ್ತೆ ಮತ್ತೆ ಅಳುತ್ತಾನೆ, ದುಬಾರಿಯದು ತಂದವನು ಒಂದೇ ಸಲ ಅಳುತ್ತಾನೆ ಎಂದು ಅದರ ಅರ್ಥ. ಅಬ್ಬಾ ಅದನ್ನೇ ಹೇಳಿದರು. ಸಿಟ್ಟು ಮಾಡಲಿಲ್ಲ. ಲಕ್ಷ ರೂಪಾಯಿಯ ವಸ್ತುವನ್ನು ಹನ್ನೆರಡು ಸಾವಿರಕ್ಕೆ ಮಾಡಿ ಮಾರುತ್ತಾರೆ ಎಂದರೆ ಅದರಲ್ಲಿ ಏನನ್ನು ಕಡಿಮೆ ಮಾಡಿದ್ದಾರೆ ಎಂದು ಲೆಕ್ಕ ತೋರಿಸು, ಆಮೇಲೆ ನೋಡೋಣ ಎಂದರು. ನಿಜಕ್ಕೂ ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುತ್ತಾ ಹೋದರೆ ಕೊನೆಗೆ ಸಿಕ್ಕಿದ್ದು ಈ ಲೆಕ್ಕಿಗರ ಬದುಕು.

ಲಿಯೋ ಅವರ ಪೂರ್ತಿ ಹೆಸರು ಕ್ಲಾರೆನ್ಸ್ ಲಿಯೋನಿಡಾಸ್ ಫೆಂಡರ್. 1909ರ ಆಗಸ್ಟ್ 10ರಂದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ, ಫುಲ್ಲರ್ಟನ್ ಮತ್ತು ಅನಹೈಮ್ ಎಂಬ ಊರುಗಳ ನಡುವೆ ಹುಟ್ಟಿದರು. ಅಪ್ಪ ಅಮ್ಮನದು ಕಿತ್ತಳೆ ತೋಟ. ನಮ್ಮಲ್ಲಿ ಅಡಿಕೆ ತೋಟ ಇದ್ದ ಹಾಗೆ ಆ ಕಡೆ ಆಗ ಕಿತ್ತಳೆ. ಚಿಕ್ಕಂದಿನಲ್ಲೇ ಅವರ ಎಡಗಣ್ಣಿಗೆ ಗಡ್ಡೆಯಾಗಿ ಕಣ್ಣನ್ನೇ ತೆಗೆಯಬೇಕಾಯಿತು. ಆಮೇಲೆ ಜೀವನಪೂರ್ತಿ ಗಾಜಿನ ಕಣ್ಣು. ಪಿಯಾನೋ, ಸ್ಯಾಕ್ಸೋಫೋನ್ ಸ್ವಲ್ಪ ಕಲಿತರು, ಅಷ್ಟಕ್ಕೇ ಬಿಟ್ಟರು. ಅವರನ್ನು ಹಿಡಿದು ನಿಲ್ಲಿಸಿದ್ದು ರೇಡಿಯೋ. ಅವರ ಚಿಕ್ಕಪ್ಪನೋ ಮಾವನೋ ಆಗಬೇಕಾದ ಒಬ್ಬರು ಸಾಂತಾ ಮರಿಯಾ ಎಂಬ ಊರಿನಲ್ಲಿ ಕಾರುಗಳ ಎಲೆಕ್ಟ್ರಿಕ್ ರಿಪೇರಿ ಅಂಗಡಿ ಇಟ್ಟಿದ್ದರು. (ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ಶಬ್ದ. ನಮ್ಮ ಮನೆಯಲ್ಲಾದರೆ ಚಾಚಾ, ಮಾಮು, ಖಾಲು ಎಂದು ಹೇಳಿದ ಕೂಡಲೇ ಗೊತ್ತಾಗುತ್ತದೆ.) 1922ರ ಹೊತ್ತಿಗೆ ಅವರು ಹುಡುಗನಿಗೆ ಒಂದು ಪೆಟ್ಟಿಗೆ ತುಂಬ ಹಳೆಯ ಬಿಡಿಭಾಗಗಳನ್ನು ಕಳಿಸಿದರು. ಅವರ ಅಂಗಡಿಗೆ ಹೋದಾಗ ಅಲ್ಲಿ ಕೈಯಿಂದಲೇ ಮಾಡಿದ ಒಂದು ರೇಡಿಯೋ ಜೋರಾಗಿ ಹಾಡುತ್ತಿತ್ತು. ಅವತ್ತಿನಿಂದ ಹದಿಮೂರು ವರ್ಷದ ಲಿಯೋ ಮನೆಯಲ್ಲೇ ರೇಡಿಯೋ ಬಿಚ್ಚಿ ಜೋಡಿಸುವವರಾದರು.

ಇಷ್ಟೆಲ್ಲಾ ಆಸೆಯಿದ್ದ ಹುಡುಗ ಮುಂದೆ ಏನು ಓದಬೇಕಿತ್ತು? ಎಲೆಕ್ಟ್ರಾನಿಕ್ಸ್ ತಾನೆ? ಆದರೆ 1928ರಲ್ಲಿ ಹೈಸ್ಕೂಲು ಮುಗಿಸಿ ಫುಲ್ಲರ್ಟನ್ ಜೂನಿಯರ್ ಕಾಲೇಜಿಗೆ ಸೇರಿದವರು ಆರಿಸಿಕೊಂಡಿದ್ದು ಅಕೌಂಟಿಂಗ್. ಎಲೆಕ್ಟ್ರಾನಿಕ್ಸ್ ಅನ್ನು ಅವರು ಯಾವ ಕಾಲೇಜಿನಲ್ಲೂ ಕಲಿಯಲಿಲ್ಲ. ಓದು ಮುಗಿದ ಮೇಲೆ ಒಂದು ಐಸ್ ಕಂಪನಿಯಲ್ಲಿ ಸರಕು ಮುಟ್ಟಿಸುವ ಕೆಲಸ, ಆಮೇಲೆ ಅಲ್ಲೇ ಲೆಕ್ಕ ಬರೆಯುವ ಕೆಲಸ. ಆ ದಿನಗಳಲ್ಲೇ ಒಬ್ಬ ಬ್ಯಾಂಡ್ ಮಾಸ್ಟರ್ ಕೇಳಿದ್ದಕ್ಕೆ ನೃತ್ಯದ ಕಾರ್ಯಕ್ರಮಗಳಿಗಾಗಿ ಆರು ಮೈಕ್ ಸೆಟ್ ಮಾಡಿಕೊಟ್ಟರು. 1934ರಲ್ಲಿ ಎಸ್ತರ್ ಎಂಬುವರನ್ನು ಮದುವೆಯಾದರು. ರಾಜ್ಯದ ಹೆದ್ದಾರಿ ಇಲಾಖೆಯಲ್ಲಿ ಅಕೌಂಟೆಂಟ್ ಆದರು. ಅದು ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ಕಾಲ. ಇಲಾಖೆಯ ಬದಲಾವಣೆಯಲ್ಲಿ ಆ ಹುದ್ದೆಯೇ ಹೋಯಿತು. ನಂತರ ಒಂದು ಟೈರ್ ಕಂಪನಿಯ ಲೆಕ್ಕ ಬರೆದರು. ಆರು ತಿಂಗಳಲ್ಲಿ ಅದೂ ಹೋಯಿತು.

1938ರಲ್ಲಿ 600 ಡಾಲರ್ ಸಾಲ ಮಾಡಿ ತಮ್ಮೂರಿಗೇ ಬಂದು ರೇಡಿಯೋ ರಿಪೇರಿ ಅಂಗಡಿ ತೆರೆದರು. ಇಪ್ಪತ್ತೊಂಬತ್ತು ವರ್ಷ, ಎರಡು ಸಲ ಕೆಲಸ ಕಳೆದುಕೊಂಡವರು, ಕೈಯಲ್ಲಿ ಸಾಲದ ಹಣ. ನನ್ನ ಮಾಮು ನಮ್ಮ ಊರಿನಲ್ಲಿ ಮಿಕ್ಸಿ, ಟಿವಿ ರಿಪೇರಿ ಮಾಡುತ್ತಾರೆ. ಅವರ ಅಂಗಡಿಯಲ್ಲಿ ಕೂತು ನೋಡಿದ್ದರಿಂದ ನನಗೆ ಒಂದು ವಿಷಯ ಗೊತ್ತು. ಹೊಸ ವಸ್ತು ಮಾರುವವನಿಗಿಂತ ರಿಪೇರಿ ಮಾಡುವವನಿಗೆ ಆ ವಸ್ತುವಿನ ಬಗ್ಗೆ ಹೆಚ್ಚು ತಿಳಿದಿರುತ್ತದೆ. ಯಾವ ಸ್ಕ್ರೂ ತುಕ್ಕು ಹಿಡಿಯುತ್ತದೆ, ಯಾವ ಕಂಪನಿ ಬಿಚ್ಚಲಾಗದ ಹಾಗೆ ಅಂಟು ಹಾಕಿರುತ್ತದೆ, ಐದು ರೂಪಾಯಿಯ ಯಾವ ಭಾಗ ಕೆಟ್ಟರೆ ಐದು ಸಾವಿರದ ವಸ್ತು ಮೂಲೆಗೆ ಹೋಗುತ್ತದೆ ಎಂದು ಮಾಮು ನೋಡಿದ ತಕ್ಷಣ ಹೇಳುತ್ತಾರೆ. ಫೆಂಡರ್ ಅಂಗಡಿಗೆ ರೇಡಿಯೋ ಜೊತೆಗೆ ಸಂಗೀತಗಾರರು ಆಂಪ್ಲಿಫೈಯರ್‌ಗಳನ್ನೂ ತರುತ್ತಿದ್ದರು. ಹತ್ತು ವರ್ಷ ಅವರು ಬೇರೆಯವರು ಮಾಡಿದ ವಸ್ತುಗಳು ಎಲ್ಲಿ ಕೆಡುತ್ತವೆ ಎಂದು ನೋಡಿದರು. ಮುಂದೆ ಅವರು ಮಾಡಿದ ಗಿಟಾರಿಗೆ ನಿಜವಾದ ಪಾಠಶಾಲೆ ಇದೇ ಎಂದು ನನಗನಿಸುತ್ತದೆ.

ಎಲೆಕ್ಟ್ರಿಕ್ ಗಿಟಾರ್ ಹೇಗೆ ಕೆಲಸ ಮಾಡುತ್ತದೆ ಎಂದು ಇಲ್ಲಿ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ ನಾವೆಲ್ಲ ಓದಿದ್ದೇವೆ: ಸುರುಳಿಯ ಬಳಿ ಕಾಂತಕ್ಷೇತ್ರ ಬದಲಾದರೆ ಸುರುಳಿಯಲ್ಲಿ ವಿದ್ಯುತ್ ಹರಿಯುತ್ತದೆ. ಗಿಟಾರಿನ ತಂತಿಗಳ ಕೆಳಗೆ ಇರುವ ಪಿಕಪ್ ಎಂಬ ಭಾಗ ಅಂಥದ್ದೇ ಸುರುಳಿ. ಒಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲಿನ ಉಕ್ಕಿನ ತಂತಿ ನಡುಗಿದರೆ ಕಾಂತಕ್ಷೇತ್ರ ನಡುಗುತ್ತದೆ, ಸುರುಳಿಯಲ್ಲಿ ಅದೇ ಲಯದಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ, ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡುತ್ತದೆ. ಸಿತಾರಿನ ತುಂಬಾ (ಕನ್ನಡದಲ್ಲಿ ಬುರುಡೆ ಎನ್ನುತ್ತಾರೆ) ಮಾಡುವ ಕೆಲಸವನ್ನು ಇಲ್ಲಿ ಕರೆಂಟ್ ಮಾಡುತ್ತದೆ.

ಎರಡನೇ ಮಹಾಯುದ್ಧದ ಸಮಯದಲ್ಲಿ ಫೆಂಡರ್ ಅವರು ಡಾಕ್ ಕೌಫ್‌ಮನ್ ಎಂಬ ಸಂಗೀತಗಾರರ ಜೊತೆ ಪಾಲುದಾರಿಕೆಯಲ್ಲಿ ಹವಾಯಿಯನ್ ಗಿಟಾರ್ ಮಾಡಲು ಶುರು ಮಾಡಿದರು. ತೊಡೆಯ ಮೇಲೆ ಮಲಗಿಸಿ, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುವ ಗಿಟಾರ್ ಅದು. ದಾದಾ ಕೇಳುವ ಹಳೆಯ ಹಿಂದಿ ಸಿನಿಮಾ ಹಾಡುಗಳಲ್ಲಿ ಜಾರುತ್ತಾ ಬರುವ ದನಿ ಅದರದ್ದೇ. 1946ರಲ್ಲಿ ಕೌಫ್‌ಮನ್ ಪಾಲುದಾರಿಕೆ ಬಿಟ್ಟರು. ವ್ಯಾಪಾರ ದೊಡ್ಡದು ಮಾಡಿದರೆ ಸಾಲ ಮೈಮೇಲೆ ಬರುತ್ತದೆ ಎಂದು ಅವರಿಗೆ ಭಯ. ತಮ್ಮ ಪಾಲಿಗೆ ಬದಲಾಗಿ ಒಂದು ಸಣ್ಣ ಪಂಚಿಂಗ್ ಯಂತ್ರ ತೆಗೆದುಕೊಂಡು ಹೋದರಂತೆ. ಸೆಕೆಂಡ್ ಪಿಯುಸಿ ಅಕೌಂಟೆನ್ಸಿಯಲ್ಲಿ ಪಾಲುದಾರನ ನಿವೃತ್ತಿ ಎಂಬ ಪಾಠ ಬಂದಾಗಲೆಲ್ಲ ನನಗೆ ಈ ಮನುಷ್ಯನ ನೆನಪಾಗುತ್ತದೆ. ಗುಡ್‌ವಿಲ್‌ನಲ್ಲಿ ಅವರ ಪಾಲು ಎಷ್ಟಾಗುತ್ತಿತ್ತು ಎಂದು ಲೆಕ್ಕ ಹಾಕಿದರೆ ಹೊಟ್ಟೆ ಉರಿಯುತ್ತದೆ.

ಇನ್ನು ಮುಖ್ಯ ವಿಷಯ. ಎಲೆಕ್ಟ್ರಿಕ್ ಗಿಟಾರನ್ನು ಫೆಂಡರ್ ಅವರೇ ಕಂಡುಹಿಡಿದರು ಎಂದು ಕೆಲವರು ಹೇಳುತ್ತಾರೆ. ಅದು ಸರಿಯಲ್ಲ. 1930ರ ದಶಕದ ಆರಂಭದಲ್ಲೇ ರಿಕನ್‌ಬ್ಯಾಕರ್ ಕಂಪನಿಯವರು ಎಲೆಕ್ಟ್ರಿಕ್ ಹವಾಯಿಯನ್ ಗಿಟಾರ್ ಮಾರುತ್ತಿದ್ದರು. ಗಿಬ್ಸನ್ ಕಂಪನಿ ಟೊಳ್ಳು ಹೊಟ್ಟೆಯ ದೊಡ್ಡ ಗಿಟಾರಿಗೆ ಪಿಕಪ್ ಹಾಕಿ ಮಾರುತ್ತಿತ್ತು. ಆದರೆ ಅವು ದುಬಾರಿ. ನುರಿತ ಬಡಗಿ ಮರವನ್ನು ಕೆತ್ತಿ, ಬಗ್ಗಿಸಿ, ಕುತ್ತಿಗೆಯನ್ನು ಅಂಟಿನಿಂದ ಕೂಡಿಸಿ ಮಾಡಬೇಕು. ಜೊತೆಗೆ ಇನ್ನೊಂದು ತೊಂದರೆ. ಎಳ್ಳಮಾವಾಸ್ಯೆ ಜಾತ್ರೆಯ ಸಮಯದಲ್ಲಿ ನಮ್ಮೂರಿಗೆ ಬರುವ ಆರ್ಕೆಸ್ಟ್ರಾ ನೋಡಿದವರಿಗೆ ಗೊತ್ತಿರುತ್ತದೆ, ಮೈಕ್ ಹಿಡಿದವರು ಸ್ಪೀಕರ್ ಹತ್ತಿರ ಹೋದರೆ ಕುಂಯ್ ಎಂದು ಕಿವಿ ತೂತಾಗುವ ಹಾಗೆ ಕೂಗುತ್ತದೆ. ಟೊಳ್ಳು ಗಿಟಾರ್ ಕೂಡ ಹಾಗೇ. ಸ್ಪೀಕರಿನ ಸದ್ದು ಗಿಟಾರಿನ ಹೊಟ್ಟೆಯನ್ನು ನಡುಗಿಸಿ, ಅದು ಮತ್ತೆ ಸ್ಪೀಕರಿಗೆ ಹೋಗಿ, ಸುತ್ತಿ ಸುತ್ತಿ ಕೂಗುತ್ತಿತ್ತು. ದೊಡ್ಡ ಸಭಾಂಗಣದಲ್ಲಿ ಜೋರಾಗಿ ಬಾರಿಸಬೇಕಾದವರಿಗೆ ಅದು ದೊಡ್ಡ ತಲೆನೋವು.

ಫೆಂಡರ್ ಮತ್ತು ಅವರ ಜೊತೆಗಾರ ಜಾರ್ಜ್ ಫುಲ್ಲರ್ಟನ್ ಸೇರಿ 1950ರಲ್ಲಿ ತಂದ ಗಿಟಾರನ್ನು ನೋಡಿದರೆ ಇದನ್ನು ಮಾಡಿದವರು ಲೆಕ್ಕ ಓದಿದ ರಿಪೇರಿಯವರು ಎಂದು ಮುಖದ ಮೇಲೆ ಬರೆದ ಹಾಗಿದೆ. ಒಡಲು ಎಂದರೆ ಒಂದು ಚಪ್ಪಟೆ ಗಟ್ಟಿ ಹಲಗೆ. ಕೆತ್ತನೆ ಇಲ್ಲ, ಬಗ್ಗಿಸುವುದಿಲ್ಲ, ಯಂತ್ರದಲ್ಲಿ ಅಚ್ಚಿನ ಪ್ರಕಾರ ಕೊರೆದರೆ ಆಯಿತು. ಟೊಳ್ಳು ಇಲ್ಲವಾದ್ದರಿಂದ ಆ ಕೂಗಾಟ ಬಹಳ ಕಡಿಮೆ. ಕುತ್ತಿಗೆ, ಅಂದರೆ ನೆಕ್, ಒಂದೇ ಮೇಪಲ್ ಮರದ ತುಂಡು. ಬೇರೆ ಪಟ್ಟಿ ಅಂಟಿಸದೆ ಆ ಮರಕ್ಕೇ ಫ್ರೆಟ್ ಎಂಬ ಲೋಹದ ಗೆರೆಗಳನ್ನು ಕೂರಿಸಿದರು. ಆ ನೆಕ್ಕನ್ನು ಒಡಲಿಗೆ ಅಂಟಿಸಲೂ ಇಲ್ಲ, ನಾಲ್ಕು ಸ್ಕ್ರೂ ಹಾಕಿ ಬಿಗಿದರು. ವೈರು, ಸ್ವಿಚ್ಚು ಎಲ್ಲಾ ಒಂದು ತಗಡಿನ ಪಟ್ಟಿಯ ಮೇಲೆ. ಎರಡು ಸ್ಕ್ರೂ ಬಿಚ್ಚಿದರೆ ಪೂರ್ತಿ ಕೈಗೆ ಬರುತ್ತದೆ. ದೊಡ್ಡ ಕಂಪನಿಯವರು ಇದನ್ನು ನೋಡಿ ಹಲಗೆ, ದೋಣಿಯ ಹುಟ್ಟು ಎಂದೆಲ್ಲ ಆಡಿಕೊಂಡರಂತೆ.

ಅಬ್ಬಾ ಕೇಳಿದ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಇಲ್ಲಿ. ಬೆಲೆ ಕಡಿಮೆ ಮಾಡಲು ಎರಡು ದಾರಿ ಇವೆ. ಒಂದು, ಅದೇ ವಸ್ತುವನ್ನು ಕೀಳು ಸಾಮಾನಿನಿಂದ ಮಾಡುವುದು. ಪ್ಲಾಸ್ಟಿಕ್ ಗೇರು, ತೆಳು ತಗಡು, ಹಸಿ ಮರ. ನಮ್ಮ ಮನೆಯ ಗಾದೆ ಹೇಳುವುದು ಇದರ ಬಗ್ಗೆ. ಇನ್ನೊಂದು, ಒಳ್ಳೆಯ ಸಾಮಾನನ್ನೇ ಹಾಕಿ, ಮಾಡುವ ಕೆಲಸವನ್ನು ಸುಲಭ ಮಾಡುವುದು. ಫೆಂಡರ್ ಹಿಡಿದದ್ದು ಎರಡನೆಯದನ್ನು. ಮರ ಒಳ್ಳೆಯದೇ, ಉಕ್ಕು ಒಳ್ಳೆಯದೇ, ಪಿಕಪ್ಪಂತೂ ಬಹಳ ಒಳ್ಳೆಯದು. ಉಳಿಸಿದ್ದು ಕೆಲಸದ ಗಂಟೆಗಳನ್ನು. ಕಾಸ್ಟಿಂಗ್ ಭಾಷೆಯಲ್ಲಿ ಹೇಳುವುದಾದರೆ, ಕಚ್ಚಾ ಸಾಮಗ್ರಿಯ ಖಾತೆಯನ್ನು ಮುಟ್ಟದೆ ಕೂಲಿಯ ಖಾತೆಯಲ್ಲಿ ಉಳಿಸಿದರು. ಅದೂ ಕೂಲಿಯ ದರ ಇಳಿಸಿ ಅಲ್ಲ, ಬೇಕಾದ ಹೊತ್ತನ್ನು ಇಳಿಸಿ. ಮೇಲಾಗಿ ಯಾವ ಭಾಗ ಕೆಟ್ಟರೂ ಅದೊಂದನ್ನೇ ಬದಲಿಸಬಹುದು. ಹಾಗಾಗಿ ಸವಕಳಿ ಕೂಡ ಕಡಿಮೆ. ನೆಕ್ ಹಾಳಾದರೆ ಇಡೀ ಗಿಟಾರ್ ಬಿಸಾಡಬೇಕಿಲ್ಲ, ನಾಲ್ಕು ಸ್ಕ್ರೂ ಬಿಚ್ಚಿ ಬೇರೆ ನೆಕ್ ಹಾಕಿದರಾಯಿತು.

ಇದರಲ್ಲಿ ಅವರೂ ಒಂದು ಕಡೆ ಅತಿ ಮಾಡಿದ್ದರು. ಗಿಟಾರಿನ ಆರು ತಂತಿಗಳು ಸೇರಿ ನೆಕ್ಕನ್ನು ಎಳೆಯುವ ಬಲ ಸುಮಾರು 45 ಕಿಲೋ, ಅಂದರೆ ಹೆಚ್ಚುಕಡಿಮೆ ಒಂದು ಸಿಮೆಂಟ್ ಚೀಲ ನೇತು ಹಾಕಿದ ಹಾಗೆ. ನೆಕ್ ಬಗ್ಗದಿರಲೆಂದು ಒಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಹಾಕುತ್ತಾರೆ, ಅದನ್ನು ಬಿಗಿ ಮಾಡಿದರೆ ನೆಕ್ ನೇರವಾಗುತ್ತದೆ. ಮೇಪಲ್ ಗಟ್ಟಿ ಮರ, ಸರಳು ಬೇಡ ಎಂದು ಫೆಂಡರ್ ಅವರ ವಾದ. ಎಸ್ಕ್ವಯರ್ ಎಂಬ ಹೆಸರಿನ ಮೊದಲ ಗಿಟಾರುಗಳು ಸರಳಿಲ್ಲದೆ ಹೋದವು, ಕೆಲವು ಬಗ್ಗಿ ವಾಪಸ್ ಬಂದವು. ಮಾರಾಟ ನೋಡಿಕೊಳ್ಳುತ್ತಿದ್ದ ಡಾನ್ ರ‍್ಯಾಂಡಲ್ ಪಟ್ಟು ಹಿಡಿದರು. 1950 ಮುಗಿಯುವುದರೊಳಗೆ ಸರಳು ಸೇರಿತು. ಹಣ ಉಳಿಸಬಾರದ ಜಾಗ ಯಾವುದು ಎಂದು ಅವರಿಗೆ ಮಾರುಕಟ್ಟೆ ಕಲಿಸಿತು. ಈ ಸರಳಿನ ವಿಷಯವನ್ನು ನೆನಪಿಡಿ, ನಮ್ಮ ಮಲೆನಾಡಿನಲ್ಲಿ ಗಿಟಾರ್ ತಗೊಳ್ಳುವವರಿಗೆ ಮುಂದೆ ಬೇಕಾಗುತ್ತದೆ.

ಎರಡು ಪಿಕಪ್ ಇದ್ದ ಗಿಟಾರಿಗೆ ಬ್ರಾಡ್‌ಕಾಸ್ಟರ್ ಎಂದು ಹೆಸರಿಟ್ಟರು. ಗ್ರೆಷ್ ಎಂಬ ಕಂಪನಿ ಅದೇ ಉಚ್ಚಾರದ ಹೆಸರಿನ ಡ್ರಮ್ಮುಗಳನ್ನು ಮಾರುತ್ತಿತ್ತು, ಆಕ್ಷೇಪಿಸಿತು. ಹೊಸ ಹೆಸರು ಬರುವವರೆಗೆ ಕೆಲಸ ನಿಲ್ಲಿಸಬೇಕೇ? ಹೆಸರಿನ ಚೀಟಿಗಳಲ್ಲಿ ಬ್ರಾಡ್‌ಕಾಸ್ಟರ್ ಎಂಬ ಭಾಗವನ್ನು ಕತ್ತರಿಸಿ, ಫೆಂಡರ್ ಎಂಬ ಭಾಗವನ್ನು ಮಾತ್ರ ಅಂಟಿಸಿ ಕಳಿಸಿದರು! ಅಚ್ಚಾದ ಚೀಟಿ ದಂಡ ಆಗಬಾರದಲ್ಲ. ಹೆಸರಿಲ್ಲದ ಆ ಗಿಟಾರುಗಳಿಗೆ ಇವತ್ತು ಹಳೆಯ ವಸ್ತು ಸಂಗ್ರಹಿಸುವವರು ಮುಗಿಬೀಳುತ್ತಾರೆ. 1951ರಲ್ಲಿ ಅದಕ್ಕೆ ಟೆಲಿಕಾಸ್ಟರ್ ಎಂಬ ಹೆಸರು ಬಂತು. ಆಗ ಟಿವಿ ಹೊಸದು. ಅದೇ ವರ್ಷ ಪ್ರಿಸಿಶನ್ ಬೇಸ್ ಕೂಡ ಬಂತು. ಅಲ್ಲಿಯವರೆಗೆ ಬೇಸ್ ಎಂದರೆ ಆಳೆತ್ತರದ, ಕಾರಿನ ತಲೆಯ ಮೇಲೆ ಕಟ್ಟಿಕೊಂಡು ಹೋಗಬೇಕಾದ ವಾದ್ಯ.

1954ರಲ್ಲಿ ಬಂದದ್ದು ಸ್ಟ್ರಾಟೋಕಾಸ್ಟರ್. ಎಲೆಕ್ಟ್ರಿಕ್ ಗಿಟಾರ್ ಎಂದರೆ ನಮ್ಮ ಕಣ್ಣಿಗೆ ಬರುವ, ಎರಡು ಕೊಂಬಿನ ಆ ಆಕಾರ ಇದರದ್ದೇ. ಫೆಂಡರ್ ಅವರಿಗೆ ಬಾರಿಸಲು ಬಾರದು ಎಂದೆನಲ್ಲ, ಅದನ್ನು ಅವರು ಹೇಗೆ ತುಂಬಿಕೊಂಡರು ಎಂಬುದು ನನಗೆ ಇಡೀ ಕಥೆಯಲ್ಲೇ ಇಷ್ಟವಾದ ಭಾಗ. ಬಾರಿಸುವವರನ್ನು ಕೇಳುತ್ತಿದ್ದರು. ಹೊಸದೇನಾದರೂ ಮಾಡಿದರೆ ಊರಿನ ಬ್ಯಾಂಡಿನವರಿಗೆ ಕೊಟ್ಟು, ಅವರು ಬಾರಿಸುವಲ್ಲಿಗೆ ಹೋಗಿ ನಿಂತು, ಏನು ಸರಿಯಿಲ್ಲ ಎಂದು ವಿಚಾರಿಸುತ್ತಿದ್ದರು. ಬಿಲ್ ಕಾರ್ಸನ್ ಎಂಬ ಗಿಟಾರ್ ವಾದಕರಿಗೆ ಟೆಲಿಕಾಸ್ಟರಿನ ಬಗ್ಗೆ ತಕರಾರುಗಳಿದ್ದವು. ಹಲಗೆಯ ಅಂಚು ಪಕ್ಕೆಲುಬಿಗೆ ಒತ್ತುತ್ತದೆ. ಎರಡೆರಡು ತಂತಿಗೆ ಒಂದೊಂದು ಆಧಾರ ಇರುವುದರಿಂದ ಶ್ರುತಿ ಪೂರ್ತಿ ಕೂರುವುದಿಲ್ಲ. ಹವಾಯಿ ಮೂಲದ ಸಂಗೀತಗಾರ ಫ್ರೆಡ್ಡಿ ಟವಾರೆಸ್ ಹೊಸ ಗಿಟಾರಿನ ನಕ್ಷೆ ಬರೆಯಲು ಸೇರಿಕೊಂಡರು. ಒಡಲಿನ ಹಿಂಭಾಗವನ್ನು ಹೊಟ್ಟೆಗೆ ಒಗ್ಗುವಂತೆ ಕೆತ್ತಿದರು, ಕೈ ಇಡುವಲ್ಲಿ ಅಂಚನ್ನು ಇಳಿಜಾರು ಮಾಡಿದರು, ಆರು ತಂತಿಗೆ ಆರು ಬೇರೆ ಬೇರೆ ಆಧಾರ ಕೊಟ್ಟರು. ಬೆಲೆ 249 ಡಾಲರ್ 50 ಸೆಂಟ್. ಅಗ್ಗ ಎಂದು ಹೇಳಲಾಗದು, ಆದರೆ ಸಂಬಳದವನು ಕಂತಿನಲ್ಲಿ ಕೊಳ್ಳಬಹುದಾದ ಬೆಲೆ. 1956ರಲ್ಲಿ ಕಲಿಯುವ ಮಕ್ಕಳಿಗೆಂದೇ ಮ್ಯೂಸಿಕ್‌ಮಾಸ್ಟರ್, ಡ್ಯುಯೋ ಸೋನಿಕ್ ಎಂಬ ಸಣ್ಣ ಅಳತೆಯ, ಕಡಿಮೆ ಬೆಲೆಯ ಗಿಟಾರುಗಳನ್ನೂ ತಂದರು.

ಇಷ್ಟರವರೆಗೆ ಎಲ್ಲಾ ಚೆಂದ. ಇನ್ನು ಮುಂದಿನದನ್ನು ಕಾಮರ್ಸ್‌ನವರು ಗಮನವಿಟ್ಟು ಓದಿ. 1960ರ ದಶಕ ಬರುವಾಗ ಅವರ ಆರೋಗ್ಯ ಕೆಟ್ಟಿತು. ವರ್ಷಗಟ್ಟಲೆ ಕಾಡಿದ ಸೋಂಕು ಎಷ್ಟು ಔಷಧ ತಗೊಂಡರೂ ಬಿಡಲಿಲ್ಲ. ಇನ್ನು ಹೆಚ್ಚು ದಿನ ಬದುಕುವುದಿಲ್ಲ ಎಂದು ನಂಬಿದ ಫೆಂಡರ್, ಕಂಪನಿಯನ್ನು 15 ಲಕ್ಷ ಡಾಲರಿಗೆ ನೀವೇ ತಗೊಳ್ಳಿ ಎಂದು ಡಾನ್ ರ‍್ಯಾಂಡಲ್ ಅವರಿಗೆ ಹೇಳಿದರಂತೆ. ರ‍್ಯಾಂಡಲ್ ಹೊರಗೆ ವಿಚಾರಿಸಿ ನೋಡೋಣ ಎಂದರು. 1965ರ ಜನವರಿಯಲ್ಲಿ ಸಿಬಿಎಸ್ ಎಂಬ ರೇಡಿಯೋ ಟಿವಿ ಸಂಸ್ಥೆ ಅದನ್ನು 1 ಕೋಟಿ 30 ಲಕ್ಷ ಡಾಲರಿಗೆ ಕೊಂಡಿತು. ತಾವೇ ಕಟ್ಟಿದ ಕಂಪನಿಯ ಬೆಲೆಯನ್ನು ಅಕೌಂಟೆನ್ಸಿ ಓದಿದವರೇ ಸುಮಾರು ಒಂಬತ್ತರಲ್ಲಿ ಒಂದು ಪಾಲು ಎಂದುಕೊಂಡಿದ್ದರು. ಅವರ ಮನಸ್ಸಿನ ಪುಸ್ತಕದಲ್ಲಿ ಯಂತ್ರ, ಕಟ್ಟಡ, ದಾಸ್ತಾನು ಇದ್ದವು. ಹೆಸರಿನ ಬೆಲೆ ಇರಲಿಲ್ಲ.

ಕಂಪನಿ ಮಾರಿದ ಮೇಲೆ ಬೇರೆ ವೈದ್ಯರ ಹತ್ತಿರ ಹೋದರು. ಸೋಂಕು ವಾಸಿಯಾಯಿತು!

ಆದರೆ ಮಾರಾಟದ ಕರಾರಿನಲ್ಲಿ ಹತ್ತು ವರ್ಷ ಬೇರೆ ಕಡೆ ಪೈಪೋಟಿಯ ವಸ್ತು ಮಾಡುವ ಹಾಗಿಲ್ಲ ಎಂದಿತ್ತು. ತಮ್ಮ ಹೆಸರು ಬೇರೆಯವರದ್ದು. ಜಿಮಿ ಹೆಂಡ್ರಿಕ್ಸ್ ಕೈಯಲ್ಲಿ ಸ್ಟ್ರಾಟೋಕಾಸ್ಟರ್ ಜಗತ್ಪ್ರಸಿದ್ಧವಾಗುವಾಗ ಅದನ್ನು ಮಾಡಿದವರು ಅದೇ ಕಂಪನಿಗೆ ಬರೀ ಸಲಹೆಗಾರ. ಹೊಸ ಮಾಲೀಕರು ಉತ್ಪಾದನೆ ಬಹಳ ಹೆಚ್ಚಿಸಿದರು. 1970ರ ದಶಕದಲ್ಲಿ ಸ್ಟ್ರಾಟೋಕಾಸ್ಟರಿನ ನೆಕ್ ಹಿಡಿಯುವ ನಾಲ್ಕು ಸ್ಕ್ರೂ ಮೂರಾಯಿತು. ನೆಕ್ ಅಲುಗಾಡುತ್ತದೆ ಎಂದು ಬಾರಿಸುವವರು ದೂರತೊಡಗಿದರು. ಆ ಜೋಡಣೆಯ ಯೋಚನೆಯಲ್ಲಿ ಫೆಂಡರ್ ಅವರ ಕೈಯೂ ಇತ್ತು ಎನ್ನುತ್ತಾರೆ, ಆದರೆ ಸರಿಯಾಗಿ ಅಳತೆ ನೋಡಿ ಕೂರಿಸದೆ ಅವಸರದಲ್ಲಿ ಮಾಡಿದರೆ ಎಂಥ ಯೋಚನೆಯೂ ಅಲುಗಾಡುತ್ತದೆ. ಅಷ್ಟರಲ್ಲಿ ಜಪಾನಿನವರು ಹಳೆಯ ಫೆಂಡರ್ ಗಿಟಾರುಗಳನ್ನು ನೋಡಿ ಅದೇ ತರಹದ್ದನ್ನು ಕಡಿಮೆ ಬೆಲೆಗೆ, ಅಚ್ಚುಕಟ್ಟಾಗಿ ಮಾಡಿ ಮಾರತೊಡಗಿದರು. ಸುಲಭವಾಗಿ ಮಾಡಬಹುದಾದ ಗಿಟಾರನ್ನು ಬೇರೆಯವರೂ ಸುಲಭವಾಗಿ ಮಾಡಬಹುದಲ್ಲ! ಕೊನೆಗೆ 1982ರಲ್ಲಿ ಫೆಂಡರ್ ಕಂಪನಿಯೇ ಜಪಾನಿನಲ್ಲಿ ಗಿಟಾರ್ ಮಾಡಿಸಲು ಹೊರಟಿತು. ಹಿಂದೆ ತಾನು ಕೊಂಡಿದ್ದ ಸ್ಕ್ವಯರ್ ಎಂಬ ತಂತಿ ಕಂಪನಿಯ ಹೆಸರನ್ನು ಕಡಿಮೆ ಬೆಲೆಯ ಗಿಟಾರುಗಳಿಗೆ ಇಟ್ಟಿತು. ಇವತ್ತು ನಮ್ಮಂಥವರು ಆಸೆಪಡಬಹುದಾದ ಫೆಂಡರ್ ಎಂದರೆ ಈ ಸ್ಕ್ವಯರ್. 1985ರಲ್ಲಿ ಬಿಲ್ ಶುಲ್ಟ್ಜ್ ನೇತೃತ್ವದಲ್ಲಿ ಅಲ್ಲಿ ಕೆಲಸ ಮಾಡುತ್ತಿದ್ದವರೇ ಸೇರಿ ಕಂಪನಿಯನ್ನು 1 ಕೋಟಿ 25 ಲಕ್ಷ ಡಾಲರಿಗೆ ಕೊಂಡರು. ಇಪ್ಪತ್ತು ವರ್ಷದ ಹಿಂದಿನ ಬೆಲೆಗಿಂತ 5 ಲಕ್ಷ ಕಡಿಮೆ! ಕಾರ್ಖಾನೆಯ ಕಟ್ಟಡ ಆ ವ್ಯವಹಾರದಲ್ಲಿ ಸೇರಿರಲಿಲ್ಲ. ಮುಖ್ಯವಾಗಿ ಕೊಂಡದ್ದು ಹೆಸರನ್ನು.

ಲಿಯೋ ಫೆಂಡರ್ ಸುಮ್ಮನೆ ಕೂರಲಿಲ್ಲ. ಅವಧಿ ಮುಗಿದ ಮೇಲೆ 1975ರಲ್ಲಿ ಮ್ಯೂಸಿಕ್ ಮ್ಯಾನ್ ಎಂಬ ಕಂಪನಿಯ ಅಧ್ಯಕ್ಷರಾದರು. ಅಲ್ಲಿ ಅವರು ಮಾಡಿದ ಸ್ಟಿಂಗ್‌ರೇ ಬೇಸ್ ಇವತ್ತಿಗೂ ಇದೆ. 1979ರಲ್ಲಿ ಅವರ ಹೆಂಡತಿ ಎಸ್ತರ್ ತೀರಿಕೊಂಡರು. ಅದೇ ಸುಮಾರಿಗೆ ಹಳೆಯ ಗೆಳೆಯ ಜಾರ್ಜ್ ಫುಲ್ಲರ್ಟನ್ ಜೊತೆ ಸೇರಿ ಜಿ ಅಂಡ್ ಎಲ್ ಕಂಪನಿ ಶುರು ಮಾಡಿದರು. ಜಾರ್ಜ್ ಮತ್ತು ಲಿಯೋ ಎಂದು ಅರ್ಥ. ಎಪ್ಪತ್ತು ವರ್ಷ ವಯಸ್ಸು, ಖರ್ಚು ಮಾಡಿ ಮುಗಿಸಲಾಗದಷ್ಟು ಹಣ, ಆದರೂ ದಿನಾ ಕೆಲಸದ ಮೇಜಿಗೆ ಬರುತ್ತಿದ್ದರು. ಪಾರ್ಕಿನ್ಸನ್ ಕಾಯಿಲೆ ಬಂದು ಕೈ ನಡುಗಿದರೂ ಬಿಡಲಿಲ್ಲ. 1991ರ ಮಾರ್ಚ್ 21ರಂದು ತೀರಿಕೊಂಡರು. ಹಿಂದಿನ ದಿನವೂ ಕೆಲಸಕ್ಕೆ ಬಂದಿದ್ದರು. ಅವರ ಕೋಣೆಯನ್ನು, ಮೇಜಿನ ಮೇಲಿದ್ದ ಹತಾರಗಳ ಸಮೇತ, ಕಂಪನಿಯವರು ಬಹಳ ವರ್ಷ ಹಾಗೇ ಇಟ್ಟಿದ್ದರು.

ಈಗ ನನ್ನ ಹನ್ನೆರಡು ಸಾವಿರಕ್ಕೆ ಬರುತ್ತೇನೆ. ಈ ಕಥೆಯನ್ನು ಲೆಕ್ಕದ ಹಾಗೆ ಬರೆದು ಅಬ್ಬಾಗೆ ತೋರಿಸಿದೆ. ಅವರು ಪೂರ್ತಿ ಓದಿ, ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ, ಆದರೆ ಬಿಚ್ಚಿ ಜೋಡಿಸಲು ಬರುವಂಥದ್ದು ಆಗಿರಬೇಕು, ಮಾಮು ನೋಡಿ ಹೂಂ ಎನ್ನಬೇಕು ಎಂದು ಷರತ್ತು ಹಾಕಿದ್ದಾರೆ. ಗಿಟಾರ್ ಬಿಚ್ಚಿದರೆ ಒಳಗೆ ರೇಡಿಯೋಗಿಂತ ಸರಳ ಎಂದು ಮಾಮು ಈಗಾಗಲೇ ಖುಷಿಯಲ್ಲಿದ್ದಾರೆ.

ಹಣ ಕಡಿಮೆ ಇದ್ದವರು ಹೊಳಪು, ಬಣ್ಣ ನೋಡಬಾರದು. ಮೊದಲು ನೆಕ್ ನೋಡಬೇಕು. ಗಿಟಾರನ್ನು ಬಂದೂಕಿನ ಹಾಗೆ ಎತ್ತಿ ಹಿಡಿದು ಅದರ ಉದ್ದಕ್ಕೆ ಕಣ್ಣು ಹಾಯಿಸಿದರೆ ಸೊಟ್ಟ ಗೊತ್ತಾಗುತ್ತದೆ. ಸ್ವಲ್ಪ ಬಾಗಿದ್ದರೆ ಟ್ರಸ್ ರಾಡ್ ತಿರುಗಿಸಿ ಸರಿ ಮಾಡಬಹುದು. ಆ ಸರಳಿನ ತಿರುಪು ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಬೇಡವೇ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನ ಬಾಗಿಲೇ ಉಬ್ಬಿ ಮುಚ್ಚಲಾಗದ ನಮ್ಮ ತೀರ್ಥಹಳ್ಳಿಯಲ್ಲಿ ಮರ ಅಲುಗದೆ ಇರುವುದಿಲ್ಲ. ಆಮೇಲೆ ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್ಟಿನಲ್ಲಿ ಒತ್ತಿ ಕೇಳಬೇಕು, ಎಲ್ಲಾದರೂ ಜರ್ ಎಂದರೆ ಅಲ್ಲಿ ಫ್ರೆಟ್ ಎದ್ದಿದೆ ಅಥವಾ ಸವೆದಿದೆ. ಹನ್ನೆರಡನೇ ಫ್ರೆಟ್ಟಿನಲ್ಲಿ ಒತ್ತಿದ ಸ್ವರ, ಬಿಟ್ಟ ತಂತಿಯ ಸ್ವರದ ಸರಿಯಾಗಿ ಮೇಲಿನ ಷಡ್ಜ ಆಗಬೇಕು. ಆಗದಿದ್ದರೆ ಆಧಾರವನ್ನು ಹಿಂದೆ ಮುಂದೆ ಮಾಡಲು ಸ್ಕ್ರೂ ಇದೆಯೇ ನೋಡಬೇಕು, ಬಿಲ್ ಕಾರ್ಸನ್ ತಕರಾರು ಮಾಡಿದ್ದು ಇದಕ್ಕೇ. ಕಿವಿ ಹಿಂಡಿದ ಶ್ರುತಿ ಹತ್ತು ನಿಮಿಷವಾದರೂ ನಿಲ್ಲಬೇಕು. ಸ್ವಿಚ್ಚು ಕರಕರ ಎಂದರೆ, ವೈರು ಬಿಟ್ಟಿದ್ದರೆ ಹೆದರಬೇಕಿಲ್ಲ. ಅದು ಮಾಮು ಕೆಲಸ, ಬೆಲೆ ಇಳಿಸಲು ನಮಗೆ ಅನುಕೂಲ. ಅಂಟು ಹಾಕಿದ ನೆಕ್ ಬಿರುಕು ಬಿಟ್ಟಿದ್ದರೆ ಮಾತ್ರ ಎಷ್ಟೇ ಅಗ್ಗವಾದರೂ ವಾಪಸ್ ಬರಬೇಕು.

ಇನ್ನೊಂದು ಲೆಕ್ಕ ಎಷ್ಟೋ ಜನ ಹಾಕುವುದಿಲ್ಲ. ಎಲೆಕ್ಟ್ರಿಕ್ ಗಿಟಾರಿನ ಜೊತೆ ಆಂಪ್ಲಿಫೈಯರ್ ಬೇಕು, ಅದಿಲ್ಲದಿದ್ದರೆ ಅದು ಸೊಳ್ಳೆಯ ಹಾಗೆ ಗುಂಯ್ ಎನ್ನುವ ಹಲಗೆ. ಹನ್ನೆರಡು ಸಾವಿರ ಪೂರ್ತಿ ಗಿಟಾರಿಗೇ ಹಾಕಿದರೆ ಕೈ ಖಾಲಿ. ಹಾಗಾಗಿ ನನ್ನ ಅಂದಾಜು ಪಟ್ಟಿ ಹೀಗಿದೆ: ಸೆಕೆಂಡ್ ಹ್ಯಾಂಡ್ ಗಿಟಾರಿಗೆ ಎಂಟು ಸಾವಿರದೊಳಗೆ, ಮನೆಯಲ್ಲಿ ಬಾರಿಸುವಷ್ಟು ಸಣ್ಣ ಆಂಪ್ಲಿಫೈಯರಿಗೆ ಮೂರು ಸಾವಿರ, ಉಳಿದ ಸಾವಿರದಲ್ಲಿ ಕೇಬಲ್, ಎರಡು ಸೆಟ್ ತಂತಿ, ಶಿವಮೊಗ್ಗಕ್ಕೆ ಇಬ್ಬರ ಬಸ್ ಚಾರ್ಜ್. ಮಳೆಗಾಲದಲ್ಲಿ ತಂತಿ ಬೇಗ ತುಕ್ಕು ಹಿಡಿಯುತ್ತದೆ, ಬಾರಿಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಬೇಕು. ಬಟ್ಟೆಗೆ ಖರ್ಚಿಲ್ಲ, ಅಮ್ಮಿಯ ಹಳೆಯ ದುಪಟ್ಟಾ ಇದೆ.

ಪರೀಕ್ಷೆ ಮುಗಿದ ಮೇಲೆ ಹುಡುಕಾಟ ಶುರು. ಅಷ್ಟರೊಳಗೆ ನಿಮ್ಮಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ, ಬೆಂಗಳೂರಿಗೆ ಕೆಲಸಕ್ಕೆ ಹೋದ ಅಣ್ಣ ಬಿಟ್ಟುಹೋದ ಎಲೆಕ್ಟ್ರಿಕ್ ಗಿಟಾರ್ ಧೂಳು ತಿನ್ನುತ್ತಿದ್ದರೆ ದಯವಿಟ್ಟು ಸೆಕೆಂಡ್ ಪಿಯು ಕಾಮರ್ಸ್ ಕ್ಲಾಸಿಗೆ ಬಂದು ಹೇಳಿ. ತಂತಿ ಇಲ್ಲದಿದ್ದರೂ ನಡೆಯುತ್ತದೆ. ನೆಕ್ ನೋಡದೆ ಮಾತ್ರ ಬೆಲೆ ಮಾತಾಡುವುದಿಲ್ಲ.